ಗುಹೆಯಲ್ಲಿ ಹಿಡಿದ ಕೈ

ಅಪ್ಪ ಬೋರ್ಡೋ ಪಟ್ಟಣದಲ್ಲಿ ಮೇಷ್ಟ್ರಾಗಿದ್ದರು ಎಂದು ಎಲಿಯಾನ್ ಹೇಳಿದ ಸುಳ್ಳಿಗೆ ಮೂರು ವರ್ಷ ತುಂಬಿತ್ತು. ಬಂದವರಿಗೆ ಕೋಟೆ ತೋರಿಸುವ ಕೆಲಸ ಕೇಳಲು ಹೋದ ದಿನ, ಕೋಟೆಯ ಒಡತಿ ಮದಾಮ್ ಶಾಂಬ್ರೆಲ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಮ ತಂದೆ ಏನ್ ಮಾಡ್ತಾರೆ?" ಎಂದಾಗ ಬಾಯಿಗೆ ಬಂದದ್ದು ಅದೇ. ಬಾತುಕೋಳಿ ಸಾಕುತ್ತಾರೆ, ಜಮೀನಿನಲ್ಲಿರುವ ಗುಹೆ ತೋರಿಸುತ್ತಾರೆ ಎನ್ನಲು ನಾಲಗೆ ಹೊರಳಲಿಲ್ಲ. ಸುಳ್ಳು ಎನ್ನುವುದು ನೆಂಟನ ಹಾಗೆ ಬರುತ್ತದೆ, ಯಜಮಾನನ ಹಾಗೆ ಕೂತುಬಿಡುತ್ತದೆ. ಅಪ್ಪನಿದ್ದ ಹಳ್ಳಿ ದೂರ, ಮದಾಮ್ ಪ್ಯಾರಿಸ್‌ನವಳು, ಎಲಿಯಾನ್‌ಳ ಹೆಸರಿನ ಹಿಂದೆ ಇದ್ದದ್ದು ಬಿಟ್ಟುಹೋದ ಗಂಡನ ಮನೆತನದ ಹೆಸರು. ಯಾರಿಗೂ ಗೊತ್ತಾಗಲಿಲ್ಲ.

ಆ ಜೂನ್ ಭಾನುವಾರ ಮದಾಮ್ ಮತ್ತು ಎಲಿಯಾನ್ ಆರು ಜನ ಅತಿಥಿಗಳನ್ನು ಕರೆದುಕೊಂಡು ನದಿ ದಂಡೆಯ ದೊಡ್ಡ ಗುಹೆಗೆ ಹೊರಟಿದ್ದರು. ಹೋಗಿ ನೋಡಿದರೆ ಒಳಗೆ ನೀರು ನುಗ್ಗಿ ಬಾಗಿಲಿಗೆ ಬೀಗ ಬಿದ್ದಿದೆ.

"ಪರವಾಗಿಲ್ಲ, ದಾರೀಲಿ ಒಂದು ಬೋರ್ಡು ನೋಡಿದೆ. ಯಾರೋ ರೈತನ ಗುಹೆಯಂತೆ," ಎಂದಳು ಮದಾಮ್.

ಆ ಬೋರ್ಡು ಎಲಿಯಾನ್ ಹದಿನಾಲ್ಕರ ವಯಸ್ಸಿನಲ್ಲಿ ತಾನೇ ಬಣ್ಣ ಹಚ್ಚಿ ಬರೆದದ್ದು.

"ಅದು ಚಿಕ್ಕದು ಮೇಡಂ, ಬರೀ ಕೆಸರು."

"ಕೆಸರಿದ್ರೆ ಇನ್ನೂ ಮಜಾ ಬಿಡಿ!"

ಅಪ್ಪ ಅರಿಸ್ತೀದ್ ಅಂಗಳದ ವಾಲ್‌ನಟ್ ಮರದ ಕೆಳಗೆ ಊಟಕ್ಕೆ ಕೂತಿದ್ದ. ಕಾರುಗಳಿಂದ ಇಳಿದವರಲ್ಲಿ ಮಗಳನ್ನು ಕಂಡದ್ದೇ ಅವನ ಮುಖ ಊರಗಲವಾಯಿತು. ಎದ್ದು ನಿಂತು ಬಾಯಿ ತೆರೆದ.

"ನಮಸ್ಕಾರ ಯಜಮಾನ್ರೇ," ಎಲಿಯಾನ್ ಅವನಿಗಿಂತ ಮೊದಲೇ ಅಂದುಬಿಟ್ಟಳು. "ಗುಹೆ ತೋರಿಸೋದು ನೀವೇನಾ?"

ಮುದುಕ ಕ್ಷಣ ಹೊತ್ತು ಅವಳನ್ನೇ ನೋಡಿದ. ದಡ್ಡನಲ್ಲ ಅವನು. ತೆರೆದ ಬಾಯಿ ಮುಚ್ಚಿಕೊಂಡ.

"ಹೌದು ಮೇಡಂ, ನಾನೇ. ಸೂಪು ಮುಗಿಸ್ಕೊಂಡು ಬಂದೆ."

ಬಟ್ಟಲಿನ ತಳದಲ್ಲಿ ಉಳಿದ ಸೂಪಿಗೆ ಕೆಂಪು ವೈನ್ ಸುರಿದು, ಗರಗರ ತಿರುಗಿಸಿ, ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದ. ಆ ಸೀಮೆಯಲ್ಲಿ ಗಂಡಸರು ಊಟ ಮುಗಿಸುವುದೇ ಹಾಗೆ. ಮೀಸೆಯಿಂದ ವೈನ್ ತೊಟ್ಟಿಕ್ಕಿತು. ಅತಿಥಿಯೊಬ್ಬ, "ಗುಹೆಯ ಮನುಷ್ಯ ಹೊರಗೇ ಸಿಕ್ಕಿಬಿಟ್ಟ!" ಎಂದ. ಎಲ್ಲರೂ ನಕ್ಕರು. ಎಲಿಯಾನ್ ಕೂಡ ನಕ್ಕಳು.

ಗುಹೆಯ ಬಾಯಿ ಸೊಂಟದೆತ್ತರ. "ಬಗ್ಗಿ ಬನ್ರಪ್ಪ, ಇಲ್ಲಿ ರಾಜನಾದ್ರೂ ಬಗ್ಗಲೇಬೇಕು," ಎನ್ನುತ್ತ ಅರಿಸ್ತೀದ್ ದೀಪ ಹಿಡಿದು ಮುಂದೆ ನಡೆದ. ಗೋಡೆಯ ಮೇಲೆ ಆದಿಮಾನವರು ಬರೆದ ಕಾಡೆಮ್ಮೆ ತೋರಿಸಿದ, ಕುದುರೆ ತೋರಿಸಿದ. ದೀಪ ಆಚೀಚೆ ಆಡಿಸಿ ಕುದುರೆಯ ಕಾಲು ಓಡುವಂತೆ ಮಾಡಿದಾಗ ನಕ್ಕವರ ಬಾಯಿಯೂ ಕಟ್ಟಿತು. ಕಡೆಗೆ ಗೋಡೆಯ ಸಂದಿಯಲ್ಲಿ ಕೆಮ್ಮಣ್ಣು ಊದಿ ಮೂಡಿಸಿದ ಪುಟ್ಟ ಕೈಯ ಗುರುತು ಬಂತು, ಮಗುವಿನ ಕೈ.

ಅಪ್ಪ ಮೂವತ್ತು ವರ್ಷದಿಂದ ಬಂದವರಿಗೆಲ್ಲ ಇಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದ: ಇದನ್ನ ಕಂಡುಹಿಡಿದವಳು ನನ್ನ ಮಗಳು, ಏಳು ವರ್ಷದವಳು, ನಾಯಿಮರಿ ಹುಡುಕ್ತಾ ಈ ಸಂದಿಗೆ ನುಸುಳಿದ್ಳು, ಅವಳ ಕೈ ಇದಕ್ಕೆ ಅಳತೆ ಮಾಡಿಸಿದ ಹಾಗಿತ್ತು.

"ಇದನ್ನ ಕಂಡದ್ದು ಒಂದು ಹುಡುಗಿ," ಎಂದ ಅರಿಸ್ತೀದ್. ಗಂಟಲು ಸರಿಮಾಡಿಕೊಂಡ. "ಈ ಕಡೆಯವಳೇ."

"ಈಗೆಲ್ಲಿದ್ದಾಳೆ?" ಮದಾಮ್ ಕೇಳಿದಳು.

"ದೊಡ್ಡವಳಾದ್ಳು ಮೇಡಂ. ಚೆನ್ನಾಗಿದ್ದಾಳೆ ಅಂತ ಕೇಳಿದೀನಿ."

ಅದು ನಾನೇ ಎನ್ನಲು ಎರಡು ಮಾತು ಸಾಕಿತ್ತು. ಎಲಿಯಾನ್ ತುಟಿ ತೆರೆದಳು. ಮದಾಮ್‌ಳ ಮುಖ ನೋಡಿ ಮತ್ತೆ ಮುಚ್ಚಿದಳು. ತನ್ನ ಮೇಲೆ ತನಗೇ ಅಷ್ಟು ಹೇಸಿಗೆ ಅವಳಿಗೆ ಎಂದೂ ಆಗಿರಲಿಲ್ಲ.

ಹೊರಡುವ ಮುಂಚೆ ಒಂದು ನಿಮಿಷ ದೀಪ ಆರಿಸುವುದು ಅರಿಸ್ತೀದನ ಪದ್ಧತಿ. "ಹೆದರಬೇಡಿ. ಹಳಬರ ಕತ್ತಲು ಹೇಗಿತ್ತು ಅಂತ ನೋಡಿ," ಎಂದು ಊದಿದ. ಕಣ್ಣಿದ್ದರೂ ಇಲ್ಲದಂಥ ಕತ್ತಲು. ಚಿಕ್ಕವಳಿದ್ದಾಗ ಈ ಕತ್ತಲಿಗೆ ಅವಳು ಕಿರುಚುವ ಮೊದಲೇ ಅಪ್ಪನ ಕೈ ಬಂದು ಅವಳ ಕೈ ಹಿಡಿದು ಎರಡು ಸಲ ಒತ್ತುತ್ತಿತ್ತು. ನಾನಿದ್ದೀನಿ ಎಂದು ಅದರ ಅರ್ಥ. ಇವತ್ತು ಆ ಕೈ ಬರಲಿಲ್ಲ.

ಎಲಿಯಾನ್ ತಾನೇ ತಡಕಿದಳು. ಸಿಕ್ಕಿತು: ಒರಟು, ಬೆಚ್ಚಗೆ, ಬೆಳ್ಳುಳ್ಳಿ ವಾಸನೆ. ಗಟ್ಟಿಯಾಗಿ ಹಿಡಿದುಕೊಂಡಳು. ಮುದುಕನ ಕೈ ಮೊದಲು ಸುಮ್ಮನಿತ್ತು. ಆಮೇಲೆ ಒತ್ತಿತು, ಒಂದು ಸಲ, ಎರಡು ಸಲ. ಅವಳ ಕಣ್ಣಿಂದ ನೀರು ಇಳಿಯಿತು. ಬೆಳಕು ಬಂದ ಮೇಲೆ ಹೇಳುತ್ತೇನೆ, ಎಲ್ಲರೆದುರು ಹೇಳುತ್ತೇನೆ ಎಂದುಕೊಂಡಳು.

ಅಪ್ಪ ಇನ್ನೊಂದು ಕೈಯಿಂದ ಲೈಟರ್ ತೆಗೆದ. ಅದರ ಚಕ್ರ ಕರ್ರೆಂದದ್ದಷ್ಟೇ, ಕಿಡಿ ಇನ್ನೂ ಹತ್ತಿರಲಿಲ್ಲ, ಅವಳ ಕೈ ತಾನಾಗಿ ಬಿಟ್ಟುಬಿಟ್ಟಿತು.

ದೀಪ ಹತ್ತಿತು. ಅರಿಸ್ತೀದ್ ತನ್ನ ಖಾಲಿ ಅಂಗೈ ನೋಡಿಕೊಂಡ, ಅದನ್ನು ಪ್ಯಾಂಟಿಗೆ ಚೆನ್ನಾಗಿ ಉಜ್ಜಿದ.

"ಕತ್ತಲಲ್ಲಿ ನನ್ನ ಕೈ ತಾಗಿತೇನೋ. ಕೆಸರಾಗಿದ್ರೆ ಕ್ಷಮಿಸಿ ಮೇಡಂ," ಎಂದ ಎಲಿಯಾನ್‌ಳತ್ತ ತಿರುಗಿ.

"ಅಯ್ಯೋ, ತಗೊಳ್ಳಿ," ಎಂದು ಮದಾಮ್ ತನ್ನ ಬಿಳಿ ಕರವಸ್ತ್ರ ಚಾಚಿದಳು.

ಎಲಿಯಾನ್ ಅದನ್ನು ತೆಗೆದುಕೊಂಡಳು. ಅಪ್ಪ ನೋಡುತ್ತಿದ್ದ ಹಾಗೆಯೇ, ಕೆಸರೇ ಇಲ್ಲದ ಕೈಯನ್ನು ಒರೆಸಿಕೊಂಡಳು.