ಭಾವನ ಯಂತ್ರಕ್ಕೊಂದು ಹೆಬ್ಬೆರಳು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆಯುವವನಲ್ಲ. ಚಾಣಕ್ಯಪುರಿಯ ಒಂದು ಅತಿಥಿಗೃಹದಲ್ಲಿ ಪಂಪು, ಲಿಫ್ಟು, ಜನರೇಟರ್ ನೋಡಿಕೊಳ್ಳುವವನು. ಸಂಜೆ ತರಗತಿಗೆ ಹೋಗಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದೆ. ಕಲಿತದ್ದರಲ್ಲಿ ಎಷ್ಟು ಸರಿಯಾಗಿ ತಲೆಯಲ್ಲಿ ಉಳಿದಿದೆ ಎಂಬ ಅನುಮಾನ ಇವತ್ತಿಗೂ ಇದೆ. ಮೇಲಾಗಿ ಇದು ಭಾವನ ವಿಷಯ. ಅವರಿಗೆ ತಿಳಿದರೆ ಬೇಸರವಾಗಬಹುದು. ಆದರೂ ಅಕ್ಕನ ಹತ್ತಿರ ಹೇಳಲಾಗದ್ದನ್ನು ಎಲ್ಲಾದರೂ ಹೇಳಬೇಕಲ್ಲ.

ನನ್ನ ಅಕ್ಕ ಜಲಜಾಳ ಗಂಡ ಸುದರ್ಶನ್ ಅವರಿಗೆ ಗ್ರೇಟರ್ ನೋಯ್ಡಾ ಕಡೆ ಹಳೆಯ ಕಟ್ಟಡ ಒಡೆಯುವ ಗುತ್ತಿಗೆ. ಅವರಲ್ಲಿರುವುದು ಒಂದೇ ಅಗೆಯುವ ಯಂತ್ರ, ಅದೂ ಹಳೆಯದು. ಯಾವ ಕಂಪನಿಯದಾದರೂ ಇಲ್ಲಿ ಎಲ್ಲರ ಬಾಯಲ್ಲೂ ಅದು ಪೋಕ್ಲೇನ್. ಅದರ ಬಕೆಟ್ಟಿನಲ್ಲಿ ಮಣ್ಣು ನಿಲ್ಲುತ್ತದೆ, ಕಾಂಕ್ರೀಟಿನ ಬೀಮು ನಿಲ್ಲುವುದಿಲ್ಲ. ಬೀಮಿಗೆ ಚೈನು ಸುತ್ತಿ, ಬಕೆಟ್ಟಿಗೆ ಸಿಕ್ಕಿಸಿ ಎತ್ತಬೇಕು. ಆ ಚೈನಿನ ವಿಷಯದಲ್ಲಿ ಭಾವ ಇನ್ನೊಬ್ಬರನ್ನು ನಂಬುವುದಿಲ್ಲ. ಮಾಲೀಕರಾದ ತಾವೇ ಬಕೆಟ್ಟಿನ ಕೆಳಗೆ ಹೋಗಿ ನಿಲ್ಲುತ್ತಾರೆ. ಈ ಸಲ ಮಳೆ ನಿಂತ ಮೇಲೆ ಒಂದು ದಿನ ಚೈನು ಜಾರಿ ಬೀಮು ಅವರ ಪಕ್ಕದಲ್ಲೇ ಬಿತ್ತು. ಬೂಟಿನ ಹಿಮ್ಮಡಿ ಕಿತ್ತುಹೋಯಿತು, ಕಾಲು ಉಳಿಯಿತು. ಮನೆಗೆ ಬಂದ ಭಾವ ಹೊಸ ಬೂಟು ಬೇಕು ಎಂದಷ್ಟೇ ಹೇಳಿದರು. ಉಳಿದದ್ದನ್ನು ಅಕ್ಕನಿಗೆ ಹೇಳಿದವನು ಆಪರೇಟರ್ ಚಿದಂಬರ.

ಅಕ್ಕ ನನಗೆ ಫೋನ್ ಮಾಡಿದಳು.

"ಬಕೆಟ್ಟಿಗೆ ಎದುರಾಗಿ ಹೆಬ್ಬೆರಳು ಅಂತ ಏನೋ ಕೂರಿಸ್ತಾರಂತೆ. ಅದೇ ಹಿಡ್ಕೊಳ್ಳುತ್ತಂತೆ, ಹೌದೇನೋ?"

"ಹೌದಕ್ಕ. ಕಬ್ಬಿಣದ್ದು. ಬಕೆಟ್ಟು ಬೆರಳಾದ್ರೆ ಇದು ಹೆಬ್ಬೆರಳು."

"ಹಾಗಾದ್ರೆ ಹಾಕ್ಸು. ಇವರು ಅದರ ಕೆಳಗೆ ನಿಲ್ಲೋದು ಬೇಡ. ನೀನು ಓದಿರೋನು, ನಿನ್ನ ಮಾತು ಕೇಳ್ತಾರೆ."

ಭಾವ ನನ್ನ ಮಾತು ಕೇಳಿದ ಉದಾಹರಣೆ ಒಂದೂ ನೆನಪಿಗೆ ಬರಲಿಲ್ಲ. ಆದರೂ ಭಾನುವಾರ ಬೆಳಗ್ಗೆ ಮಯೂರ್ ವಿಹಾರದ ಮನೆಯಿಂದ ಮೆಟ್ರೊ, ಆಮೇಲೆ ಆಟೊ ಹಿಡಿದು ಸೈಟಿಗೆ ಹೋದೆ. ಅಕ್ಕನ ಒತ್ತಾಯಕ್ಕೆ ಭಾವ ಒಪ್ಪಿ ಕರೆಸಿದ್ದ ಮೆಕ್ಯಾನಿಕ್ ರಾಜ್‌ಪಾಲ್ ಆಗಲೇ ಬಂದಿದ್ದ. ಹೆಬ್ಬೆರಳೂ ಬಂದು ನೆಲದ ಮೇಲೆ ಮಲಗಿತ್ತು.

ಅದನ್ನು ಮುಚ್ಚಿ ತೆರೆಯಲು ಒಂದು ಸಿಲಿಂಡರ್ ಇರುತ್ತದೆ, ಅದಕ್ಕೆ ಒತ್ತಡದಲ್ಲಿ ಆಯಿಲ್ ಬೇಕು. ಹಿಂದೆ ಯಾವಾಗಲೋ ಈ ಯಂತ್ರಕ್ಕೆ ಬಂಡೆ ಒಡೆಯುವ ಬ್ರೇಕರ್ ಹಾಕಿದ್ದರು. ಅದರ ಎರಡು ಪೈಪುಗಳು ಯಂತ್ರದ ತೋಳಿನ ಮೇಲೆ ಹಾಗೇ ಉಳಿದಿದ್ದವು. ಅದಕ್ಕೇ ಜೋಡಿಸಿದರಾಯಿತು ಎಂಬುದು ಎಲ್ಲರ ಲೆಕ್ಕಾಚಾರ. ನನಗೆ ಅನುಮಾನ. ಬ್ರೇಕರ್‌ಗೆ ಒಂದು ಪೈಪಿನಲ್ಲಿ ಆಯಿಲ್ ಹೋಗಿ, ಇನ್ನೊಂದರಲ್ಲಿ ಟ್ಯಾಂಕಿಗೆ ವಾಪಸು ಬಂದರೆ ಸಾಕು. ಹೆಬ್ಬೆರಳಿಗೆ ಹಾಗಲ್ಲ, ಮುಚ್ಚುವಾಗ ಈ ಪೈಪಿನಿಂದ ತಳ್ಳಬೇಕು, ತೆರೆಯುವಾಗ ಆ ಪೈಪಿನಿಂದ. ಹೀಗೆಂದು ತರಗತಿಯಲ್ಲಿ ಹೇಳಿದ ನೆನಪು. ಆದರೆ ದಿನವಿಡೀ ದುಡಿದು ಹೋಗುತ್ತಿದ್ದ ತರಗತಿ ಅದು, ಅರ್ಧ ತೂಕಡಿಕೆಯಲ್ಲಿ ಕೇಳಿರಬಹುದು. ಆದ್ದರಿಂದ ಮೆಲ್ಲಗೆ ಕೇಳಿದೆ.

"ಭಯ್ಯಾ, ಇಸ್ ಮೇಂ ಆಯಿಲ್ ಆನಾ-ಜಾನಾ ದೋನೋ ಹೋಗಾ?"

"ದೋ ಪೈಪ್ ದಿಖ್ ರಹೇ ಹೈಂ ನ?" ಎಂದ ರಾಜ್‌ಪಾಲ್, ಪೈಪುಗಳನ್ನು ಒಂದೊಂದಾಗಿ ತಟ್ಟುತ್ತ. "ಏಕ್ ಜಾನೇ ಕಾ, ಏಕ್ ಆನೇ ಕಾ."

"ಕೇಳಿದ್ಯಲ್ಲ ತಿಪ್ಪೇಶ," ಎಂದರು ಭಾವ. "ಹೋಗುತ್ತೆ, ಬರುತ್ತೆ. ಇನ್ನೇನು, ಕೂತು ಚಹಾ ಕುಡಿದು ಬರಬೇಕಾ ಆಯಿಲ್ಲು?"

ತಿರುಗಿಸಿಯೂ ಹೋಗುತ್ತದೆಯೇ ಎಂದು ಪ್ರಶ್ನೆ ಬದಲಿಸಿದೆ. "ಉಲ್ಟಾ ಭೀ ಜಾಯೇಗಾ?"

ರಾಜ್‌ಪಾಲನ ಮುಖ ಸಣ್ಣದಾಯಿತು. ಅವನ ಕೆಲಸದಲ್ಲಿ ಕೊರತೆ ಹುಡುಕುತ್ತಿದ್ದೇನೆ ಎಂದುಕೊಂಡ. "ಉಲ್ಟಾ ಕ್ಯೋಂ ಜಾಯೇಗಾ ಸಾಬ್? ಸೀಧಾ ಜಾಯೇಗಾ. ಮೇರೀ ಗ್ಯಾರಂಟಿ."

ನಾನು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರಗಳೆಲ್ಲ ನಿಜವೇ. ಅದೇ ನನ್ನ ಸಂಕಟ.

ಮಧ್ಯಾಹ್ನದ ಹೊತ್ತಿಗೆ ಬೆಸುಗೆ, ಪೈಪು, ಎಲ್ಲ ಮುಗಿಯಿತು. ಚಿದಂಬರ ಕ್ಯಾಬಿನ್ನಿನಲ್ಲಿ ಕುಳಿತು ಪೆಡಲ್ ಒತ್ತಿದ. ಹೆಬ್ಬೆರಳು ನಿಧಾನವಾಗಿ ಬಂದು ಬೀಮನ್ನು ಬಕೆಟ್ಟಿಗೆ ಒತ್ತಿ ಹಿಡಿಯಿತು. ಬೀಮು ಮೇಲೆದ್ದು ಲಾರಿಯ ಮೇಲೆ ಹೋಯಿತು. ಕೆಳಗೆ ಯಾರೂ ಇರಲಿಲ್ಲ. ಅಕ್ಕನಿಗೆ ಕಳಿಸೋಣವೆಂದು ಫೋನಿನಲ್ಲಿ ಫೋಟೊ ತೆಗೆದೆ. ಭಾವ ಮಾತ್ರ ಚೈನನ್ನು ಹೆಗಲ ಮೇಲೆ ಹಾಕಿಕೊಂಡೇ ನಿಂತಿದ್ದರು.

ಚಿದಂಬರ ಬಕೆಟ್ಟನ್ನು ಹಿಂದಕ್ಕೆ ತಿರುಗಿಸಿದ, ಬೀಮು ಲಾರಿಯಲ್ಲಿ ಕುಳಿತಿತು. ಹೆಬ್ಬೆರಳು ಮಾತ್ರ ಚಾಚಿಕೊಂಡೇ ಇತ್ತು.

"ಅಣ್ಣ, ಇದು ಹಿಂದಕ್ಕೆ ಹೋಗ್ತಿಲ್ಲ," ಎಂದ.

"ಇನ್ನೊಂದ್ಸಲ ಒತ್ತು," ಎಂದರು ಭಾವ.

"ಒತ್ತಿದ್ರೆ ಮುಂದಕ್ಕೇ ಹೋಗುತ್ತೆ ಅಣ್ಣ. ಆ ಕಡೆಗೆ ಪೆಡಲ್ಲೇ ಇಲ್ಲ."

ರಾಜ್‌ಪಾಲ್ ನಕ್ಕ. "ಹಮೇಂ ಅಂಗೂಠಾ ದಿಖಾ ರಹೀ ಹೈ." ಆಗಲ್ಲ ಹೋಗು ಎನ್ನುವುದಕ್ಕೆ ಹಿಂದಿಯವರು ಹೆಬ್ಬೆರಳು ತೋರಿಸುವುದು ಎನ್ನುತ್ತಾರೆ. ಭಾವನೂ ನಕ್ಕರು. ನನಗೆ ನಗು ಬರಲಿಲ್ಲ.

ರಾಜ್‌ಪಾಲ್ ಮೇಲೆ ಹತ್ತಿ ಎರಡು ಪೈಪುಗಳನ್ನು ಅದಲುಬದಲು ಮಾಡಿದ. ಹೆಬ್ಬೆರಳು ಹಿಂದಕ್ಕೆ ಹೋಗಿ ತೋಳಿಗೆ ಅಂಟಿಕೊಂಡಿತು. ಈಗ ಮುಂದಕ್ಕೆ ಬರಲೊಲ್ಲದು.

"ಖುಲ್ ತೋ ಗಯಾ ನ?" ಎಂದ. ತೆರೆಯಿತಲ್ಲ, ಇನ್ನೇನು ಬೇಕು ಎಂಬಂತೆ.

ಲಾರಿಯ ಪಕ್ಕದ ಧೂಳಿನ ಮೇಲೆ ಬೆರಳಿನಿಂದ ಸಿಲಿಂಡರ್ ಬರೆದೆ. ಈ ತುದಿಗೆ ಒಂದು ಬಾಣ, ಆ ತುದಿಗೆ ಒಂದು. ಅವನು ತಲೆ ಓರೆ ಮಾಡಿ ನೋಡಿದ.

"ಅರೇ, ದೋನೋ ತರಫ್ ಸೇ ಪ್ರೆಶರ್! ತೋ ಪೆಹಲೇ ಬೋಲ್‌ನಾ ಥಾ ಸಾಬ್."

ಎರಡೂ ಕಡೆಯಿಂದ ಒತ್ತಡ ಎಂದು ಮೊದಲೇ ಹೇಳಬೇಕಿತ್ತಂತೆ. ಬೆಳಗ್ಗಿನಿಂದ ಇನ್ನೇನು ಹೇಳುತ್ತಿದ್ದೆ ಎಂದು ಕೇಳಬೇಕೆನಿಸಿತು. ಕೇಳಿದರೆ ಹಿಂದಿ ವ್ಯಾಕರಣ ತಪ್ಪಿ ಇನ್ನೊಂದು ಅರ್ಥ ಬಂದೀತೆಂದು ಮುಂದೇನು ಎಂದಷ್ಟೇ ಕೇಳಿದೆ. ಬೇರೆ ವಾಲ್ವ್, ಎರಡು ಕಡೆ ಒತ್ತುವ ಪೆಡಲ್ ಬೇಕು, ಹಳೆ ಸಾಮಾನಿನಲ್ಲಿ ಹುಡುಕಬೇಕು, ಒಂದು ವಾರವಾದರೂ ಬೇಕು ಎಂದು ರಾಜ್‌ಪಾಲ್ ಹೇಳಿದ.

"ಅಲ್ಲೀವರೆಗೂ ಕೆಲಸ ನಿಲ್ಲಿಸೋಕಾಗುತ್ತಾ?" ಎಂದು ಭಾವ ಹೆಗಲಿನ ಚೈನು ಇಳಿಸಿಕೊಂಡು ನೇರವಾಗಿ ಬಕೆಟ್ಟಿನ ಕೆಳಗೆ ನಡೆದರು. ಬೇಡವಾದದ್ದೇ ಆಗುತ್ತಿತ್ತು, ಜೊತೆಗೆ ಈಗ ತಲೆಯ ಮೇಲೆ ಹೊಸ ಕಬ್ಬಿಣ ಬೇರೆ.

"ಭಾವ, ಈಚೆ ಬನ್ನಿ."

"ನೀನು ಹೋಗಿ ನಿನ್ನ ಲಿಫ್ಟು ನೋಡ್ಕೊಳ್ಳಪ್ಪ."

"ಚಿದಂಬರ, ಎಂಜಿನ್ ಆಫ್ ಮಾಡಿ," ಎಂದೆ.

ಚಿದಂಬರ ಭಾವನನ್ನು ನೋಡಿದ, ನನ್ನನ್ನು ನೋಡಿದ. ಎಂಜಿನ್ ನಿಂತಿತು. "ಅತ್ತಿಗೆ ನನಗೂ ಫೋನ್ ಮಾಡಿದ್ರು ಅಣ್ಣ," ಎಂದ.

ಭಾವ ಹೊರಗೆ ಬಂದು ಒಂದು ಬೀಮಿನ ಮೇಲೆ ಕುಳಿತರು. ಬೈಯುತ್ತಾರೆ ಎಂದು ಕಾದೆ.

"ಇದೇ ಕಚ್ಕೊಂಡು ಇದೇ ಎತ್ಬಿಟ್ರೆ ನಾನೇನು ಮಾಡ್ಲಿ? ಕುರ್ಚಿ ಹಾಕ್ಕೊಂಡು ಕೂರ್ಲಾ?"

"ಕೂತ್ಕೊಳ್ಳಿ ಭಾವ. ಮಾಲೀಕರು ನೀವು."

"ಕುರ್ಚಿ ಮೇಲೆ ಕೂತೋನ ಮಾತು ಸೈಟಲ್ಲಿ ಯಾರೂ ಕೇಳಲ್ಲ ಕಣೋ."

ಆ ದಿನ ಚೈನಿನ ಕೆಲಸ ನಡೆಯಲಿಲ್ಲ, ಅಷ್ಟೇ.

ವಾಲ್ವ್ ಬಂತು, ಪೆಡಲ್ ಬಂತು. ಈಗ ಹೆಬ್ಬೆರಳು ಮುಚ್ಚುತ್ತದೆ, ತೆರೆಯುತ್ತದೆ. ನಾನು ಭಾನುವಾರ ಹೋದಾಗಲೆಲ್ಲ ಭಾವ ದೂರದಲ್ಲಿ ತಗಡಿನ ಬೇಲಿಯ ಹತ್ತಿರ ನಿಂತು ಕೈಸನ್ನೆ ಮಾಡುತ್ತಿರುತ್ತಾರೆ. ಅಕ್ಕ ಕೇಳುತ್ತಾಳೆ: "ಈಗ ಕೆಳಗೆ ಹೋಗಲ್ಲ ತಾನೆ?" ನಾನು ನೋಡಿದಾಗ ಹೋಗಿರಲಿಲ್ಲ ಎನ್ನುತ್ತೇನೆ. ಅದು ಸುಳ್ಳಲ್ಲ.

ಚಿದಂಬರನನ್ನೂ ಕೇಳಿದೆ.

"ನೀವಿದ್ದಾಗ ಹೋಗಲ್ಲ ಸರ್."

"ನಾನಿಲ್ಲದಾಗ?"

"ಕೆಲವು ಬೀಮು ಓರೆಯಾಗಿ ಬಿದ್ದಿರುತ್ತೆ ಸರ್, ಹೆಬ್ಬೆರಳಿಗೆ ಸಿಗಲ್ಲ," ಎಂದವನು ಎಂಜಿನ್ ಶುರು ಮಾಡಿದ. ಮುಂದಿನದು ಕೇಳಿಸಲಿಲ್ಲ. ಅವನು ಹೇಳಿದನೋ ಇಲ್ಲವೋ ಅದೂ ತಿಳಿಯಲಿಲ್ಲ. ವಾರದ ಉಳಿದ ದಿನಗಳಲ್ಲಿ ಭಾವ ಎಲ್ಲಿ ನಿಲ್ಲುತ್ತಾರೆ ಎಂಬುದು ನನಗೆ ಗೊತ್ತಿಲ್ಲ.