ಮಹಡಿ ಮನೆಯ ಲೈನು

"ಕಣ್ ಕಾಣಲ್ವಾ ನಿಂಗೆ? ಲೋಡ್ ಜಾಸ್ತಿ ಆಗ್ತಿದೆ ಅಂತ ಎಷ್ಟ್ ಸಲ ಬಡ್ಕೊಳ್ಲಿ? ಏಳನೇ ನಂಬರ್ ಪ್ಲಗ್ ಕೀಳು!"

ಗಾಜಿನ ಕ್ಯಾಬಿನ್ನಿನಿಂದ ತಲೆ ಹೊರಹಾಕಿ ಮ್ಯಾನೇಜರ್ ಸುಮೇಧ ಕೂಗಿದ. ಮರಿಯಮ್ಮನಿಗೆ ಅವನ ವಯಸ್ಸಿನ ಮಗಳಿದ್ದಳು. ಇಟ್ಟಮಡುವಿನ ಈ ಯಾರ್ಡಿನಲ್ಲಿ ಕಂಪನಿಯ ಹದಿನಾಲ್ಕು ಎಲೆಕ್ಟ್ರಿಕ್ ವ್ಯಾನುಗಳಿಗೆ ಪ್ಲಗ್ ಹಾಕುವುದು, ಕೀಳುವುದು ಅವಳ ಕೆಲಸ. ಮಂಜೂರಾದ ಲೋಡು ಮೀರಿದರೆ ಮೇನ್ ಸ್ವಿಚ್ಚೇ ಬಿದ್ದುಹೋಗುತ್ತಿತ್ತು. ಹಾಗಾಗಿ ಸುಮೇಧನ ಮೊಬೈಲಿನಲ್ಲಿ ಕೆಂಪು ಗೆರೆ ಏರಿದಾಗಲೆಲ್ಲ ಯಾವುದಾದರೊಂದು ವ್ಯಾನಿನ ಚಾರ್ಜು ಅರ್ಧಕ್ಕೇ ನಿಲ್ಲುತ್ತಿತ್ತು.

ಏಳನೆಯದರ ಡ್ರೈವರ್ ಸೀನು ಓಡಿಬಂದ.

"ಅಕ್ಕಾ, ಇನ್ನೂ ಇಪ್ಪತ್ತೆರಡು ಪರ್ಸೆಂಟು. ನಾಲ್ಕು ಗಂಟೆಗೆ ನರ್ಸ್‌ಗಳ್ನ ಡ್ಯೂಟಿಗೆ ಬಿಡ್ಬೇಕು. ನಿನ್ನೆ ಹೊಸಕೆರೆಹಳ್ಳಿ ಏರಲ್ಲಿ ನಿಂತೋಗಿ, ಆ ಹೆಣ್ಮಕ್ಳೇ ಇಳಿದು ತಳ್ಳುದ್ರು. ಇವತ್ತೂ ನಿಂತ್ರೆ ನನ್ ಐಡಿ ಬ್ಲಾಕ್ ಮಾಡ್ತಾರೆ."

"ಎಸಿ ಹಾಕ್ಕೊಂಡು ಮೆರೆದಿರ್ತೀಯ," ಎಂದ ಸುಮೇಧ. "ಕೀಳೇ, ಏನ್ ನೋಡ್ತಾ ನಿಂತಿದ್ದೀಯ?"

"ಸಾರ್, ಓನರ್ ಮನೆ ಲೈನ್ ತೆಗೀರಿ," ಎಂದಳು ಮರಿಯಮ್ಮ. "ಲೋಡ್ ತಾನಾಗೇ ಇಳೀತದೆ. ಮೂರು ಎಸಿ, ಲಿಫ್ಟು, ಎಲ್ಲಾ ನಮ್ ಪ್ಯಾನಲ್‌ನಿಂದ್ಲೇ ಓಡ್ತಾವೆ."

"ಜಾಗ ಅವ್ರದ್ದು. ನಿಂಗ್ಯಾಕೆ?"

ಯಾರ್ಡಿಗೆ ಅಂಟಿದ ಮಹಡಿ ಮನೆಯ ಬಾಲ್ಕನಿಯಲ್ಲಿ ನಿಂತಿದ್ದ ಜಾಗದ ಓನರ್ ಚಿಕ್ಕಬೈರಪ್ಪನಿಗೆ ಇದು ಕೇಳಿಸಿತು.

"ಏನಂದ್ಲು ಆ ಮುಂಡೆ? ನಮ್ಮಪ್ಪ ರಾಗಿ ಬೆಳ್ದಿರೋ ಜಾಗ ಕಣೇ ಇದು! ಬೆಳಿಗ್ಗೆ ನಮ್ ನಲ್ಲೀಗೆ ಬಾಯ್ ಹಾಕ್ದೋಳು ನೀನೇ ಅಲ್ವಾ? ಹುಣಸೆಹಣ್ ಹಾಕಿ ಉಜ್ಜುಸ್ದೆ, ಗೊತ್ತಾ? ಸುಮೇಧ, ನಾಳೆಯಿಂದ ಇವ್ಳು ಗೇಟ್ ಒಳಗೆ ಬರ್ಕೂಡ್ದು."

"ಆಯ್ತು ಸಾರ್," ಎಂದು ಸುಮೇಧ ನಕ್ಕ. ಬೆಂಚಿನ ಮೇಲಿದ್ದ ಐದಾರು ಡ್ರೈವರುಗಳು ತಮ್ಮ ತಮ್ಮ ಮೊಬೈಲು ನೋಡತೊಡಗಿದರು.

ಮರಿಯಮ್ಮ ಏಳನೇ ನಂಬರಿನ ಪ್ಲಗ್ಗಿಗೆ ಕೈ ಹಾಕಿದಳು. ಸೀನು ವ್ಯಾನಿನ ಬಾಗಿಲು ಹಿಡಿದು ಅವಳ ಕೈಯನ್ನೇ ನೋಡುತ್ತಿದ್ದ. ಕೈ ತೆಗೆದಳು. ಸೀದಾ ಪ್ಯಾನಲ್ಲಿನ ಹತ್ತಿರ ಹೋದಳು. ಎಲ್ಲಕ್ಕಿಂತ ಕೆಳಗೆ, ನಂಬರೇ ಬರೆಯದ ಒಂದು ಸ್ವಿಚ್ಚಿತ್ತು. ಅದನ್ನು ಕೆಳಕ್ಕೆಳೆದಳು.

ಮಹಡಿಯ ಎಸಿಗಳ ಗೊರಗೊರ ಒಮ್ಮೆಲೇ ನಿಂತಿತು.

"ಲೇ, ಏನ್ ಮಾಡ್ದೆ?" ಸುಮೇಧ ಹೊರಗೆ ನುಗ್ಗಿದ.

ಅವಳು ಪ್ಯಾನಲ್ಲಿನ ಬಾಗಿಲು ಮುಚ್ಚಿ ಬೀಗ ಜಡಿದಳು. ಕೀಲಿಯನ್ನು ರವಿಕೆಯೊಳಗೆ ತುರುಕಿಕೊಂಡಳು.

"ನಿನ್ ಮೊಬೈಲ್ ನೋಡ್ಕೊ, ಲೋಡ್ ಇಳಿದಿರ್ತದೆ. ಸೀನೂ, ವ್ಯಾನ್ ಹತ್ರಾನೇ ನಿಂತ್ಕೊ. ಯಾವನ್ ಪ್ಲಗ್ ಕೀಳ್ತಾನೋ ನೋಡೇಬಿಡ್ತೀನಿ."

ಲಿಫ್ಟು ನಿಂತಿದ್ದರಿಂದ ಚಿಕ್ಕಬೈರಪ್ಪ ಮೆಟ್ಟಿಲಿಳಿದು ಬರುತ್ತಿದ್ದ. ಒಂದೊಂದು ಮೆಟ್ಟಿಲಿಗೂ ಅವಳ ಹೆತ್ತವರನ್ನು ಎಳೆದು ಬೈಯುತ್ತಿದ್ದ. ಮರಿಯಮ್ಮ ಪ್ಯಾನಲ್ಲಿಗೆ ಬೆನ್ನು ಕೊಟ್ಟು ನಿಂತಳು. ಬೆಂಚಿನ ಮೇಲಿದ್ದ ಡ್ರೈವರುಗಳು ಒಬ್ಬೊಬ್ಬರಾಗಿ ಎದ್ದು ಅವಳತ್ತ ಬರತೊಡಗಿದರು. ತನ್ನ ಪಕ್ಕದಲ್ಲಿ ನಿಲ್ಲಲಿಕ್ಕೋ, ಕೀಲಿ ಕಿತ್ತುಕೊಳ್ಳಲಿಕ್ಕೋ, ಅವಳಿಗೆ ಗೊತ್ತಾಗಲಿಲ್ಲ.