ಅರಬ್ಬಿ ಮಾವ ನುಂಗಿದ ಮಾತು

ಹೊರದೇಶದಿಂದ ಫೋನ್ ಬಂದರೆ ಸಾಕು, ಟೈಲರಕ್ಕ ಹೊಲಿಗೆ ಯಂತ್ರ ಬಿಟ್ಟೆದ್ದು ಮಾವನನ್ನು ಕೂಗುತ್ತಿದ್ದಳು. ಅವಳ ಸೋದರಮಾವ ಆ ದೇಶದಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿ, ಅರಬ್ಬಿ ಕಲಿತು ಬಂದವನು. ಬೀದಿಯವರಿಗೆಲ್ಲ ಅವನು ಅರಬ್ಬಿ ಮಾವ. ಈಗ ಅದೇ ದೇಶದಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದ ಅವಳ ಗಂಡ ಮೇಲಿಂದ ಬಿದ್ದು ಆಸ್ಪತ್ರೆ ಸೇರಿದ್ದ.

"ಡಾಕ್ಟರು ಏನಂದ್ರು ಮಾವ?"

"ಸಣ್ಣ ಪೆಟ್ಟಮ್ಮ. ಮಲಗಿದ್ದಾನೆ. ಹುಷಾರಾದ್ಮೇಲೆ ಮಾತಾಡಿಸ್ತಾರಂತೆ." ಅಷ್ಟು ಹೇಳಿ ಮಾವ ಅವಸರದಲ್ಲಿ ಚಪ್ಪಲಿ ಮೆಟ್ಟಿದ.

ಅಲ್ಲೇ ಕೂತಿದ್ದ ಪಕ್ಕದ ಮನೆಯ ನರ್ಸಮ್ಮನಿಗೆ ಅನುಮಾನ ಬಂತು. "ಡಾಕ್ಟರು ಅಷ್ಟುದ್ದ ಮಾತಾಡಿ ಹೇಳಿದ್ದು ಇಷ್ಟೇನಾ? ಒಬ್ಬ ದುಭಾಷಿನ ಗೊತ್ತುಮಾಡ್ಕೊಳ್ಳಿ ಅಕ್ಕ."

"ಮನೆಯಲ್ಲೇ ಅರಬ್ಬಿ ಇಟ್ಕೊಂಡು ಊರೆಲ್ಲ ಹುಡುಕ್ಲಾ? ಎತ್ತಿ ಆಡಿಸಿದ ಮಾವ ನಂಗೆ ಸುಳ್ಳು ಹೇಳ್ತಾನಾ?"

"ಸುಳ್ಳು ಅಂತಲ್ಲ. ನೀವು ಅಳೋದನ್ನ ಅವರು ನೋಡಲಾರರು. ನಮ್ಮ ವಾರ್ಡಲ್ಲಿ ದಿನಾ ನೋಡ್ತೀನಲ್ಲ, ಕೆಟ್ಟ ಸುದ್ದೀನ ಮನೆಯವರೇ ನುಂಗ್ಬಿಡ್ತಾರೆ."

ಟೈಲರಕ್ಕ ಮುಖ ತಿರುಗಿಸಿಕೊಂಡಳು. ಆದರೆ ಯಾವಾಗ ಕೇಳಿದರೂ ಗಂಡ ಮಲಗಿಯೇ ಇದ್ದ. ಕೊನೆಗೆ ಅವಳೇ ನರ್ಸಮ್ಮನ ಬಾಗಿಲು ತಟ್ಟಿದಳು.

ಇಬ್ಬರೂ ಕೋರ್ಟಿನಲ್ಲಿ, ದೊಡ್ಡಾಸ್ಪತ್ರೆಯಲ್ಲಿ ವಿಚಾರಿಸಿದರು. ಅರಬ್ಬಿ ಮಾತಾಡುವವರು ಬಂದರೆ ದುಭಾಷಿಯಾಗಿ ಯಾರನ್ನು ಕರೆಸುತ್ತೀರಿ ಎಂದು ಕೇಳಿದರು. ಸಿಕ್ಕ ಒಬ್ಬಾತ "ಎಲ್ಲಾ ಬರುತ್ತೆ ಬಿಡಿ" ಎಂದ. ಅವನನ್ನು ಬಿಟ್ಟರು. ಇನ್ನೊಬ್ಬಾಕೆ, ಯಾವ ಕಚೇರಿಗೂ ಸೇರದೆ ಕರೆದಲ್ಲಿಗೆ ಹೋಗುವವಳು, ಮೊದಲು ತಾನೇ ಕೇಳಿದಳು: "ಯಾವ ದೇಶ? ಅರಬ್ಬಿ ಒಂದೊಂದು ಕಡೆ ಒಂದೊಂದು ಥರ." ಟೈಲರಕ್ಕ ದೇಶ ಹೇಳಿದ ಮೇಲೆ ಮುಂದುವರಿಸಿದಳು: "ಆ ಕಡೆಯದು ನಂಗೆ ಬರುತ್ತೆ, ಕಂಪನಿಯವರ ಇಂಗ್ಲಿಷೂ ಆಗುತ್ತೆ. ಆಸ್ಪತ್ರೇಲಿ ಈ ಕೆಲಸ ಮಾಡಿದ್ದೀನಿ. ಅವರು ಹೇಳಿದ್ದಕ್ಕೆ ಏನೂ ಕೂಡಿಸಲ್ಲ, ಕಳೆಯಲ್ಲ, ಹೊರಗೆ ಆಡಲ್ಲ." ತನ್ನ ಫೀಸನ್ನೂ ಮೊದಲೇ ಮಾತಾಡಿಕೊಂಡಳು.

ಆಸ್ಪತ್ರೆಗೆ ಫೋನ್ ಹಚ್ಚಿದರು. ಡಾಕ್ಟರು ಹೇಳುತ್ತ ಹೋದಂತೆ ಆಕೆ ಕನ್ನಡದಲ್ಲಿ ಹೇಳುತ್ತ ಹೋದಳು. "ಉಳಿಯೋದು ಕಷ್ಟ. ಹೋದ ವಾರ ಪ್ರಜ್ಞೆ ಇತ್ತು, ಹೆಂಡತಿ ಜೊತೆ ಮಾತಾಡ್ಬೇಕು ಅಂತಿದ್ರು. ಬೇಗ ಮಾತಾಡ್ಸಿ ಅಂತ ನಿಮ್ಮವರಿಗೆ ಹೇಳಿದ್ದೆ. ಈಗ ಪ್ರಜ್ಞೆ ಇಲ್ಲ."

ಆಕೆ ಒಂದು ಮಾತನ್ನೂ ಬಿಡಲಿಲ್ಲ.

ಬಾಗಿಲಲ್ಲಿ ನಿಂತು ಮಾವ ಎಲ್ಲ ಕೇಳಿಸಿಕೊಂಡಿದ್ದ. "ಅವನ ದನಿ ಕೇಳಿದ್ರೆ ನಿಂಗೆ ಗೊತ್ತಾಗ್ಬಿಡುತ್ತಲ್ಲ ಅಂತ... ಬಾಯಿ ಬರ್ಲಿಲ್ಲ ಮಗಳೇ."

ಟೈಲರಕ್ಕ ದುಭಾಷಿಯತ್ತ ತಿರುಗಿದಳು. "ಫೋನು ಅವರ ಕಿವಿ ಹತ್ರ ಇಡ್ತಾರಾ, ಕೇಳಿ" ಎಂದಳಷ್ಟೆ. ಇಟ್ಟರು. ಇನ್ನು ದುಭಾಷಿಯ ಕೆಲಸವಿರಲಿಲ್ಲ. ಆಕೆ ಎದ್ದು ಹೊರಗೆ ಹೋದಳು. ಟೈಲರಕ್ಕ ತುಂಬ ಹೊತ್ತು ಮಾತಾಡಿದಳು.

ಮರುದಿನ ಗಂಡನ ಕಂಪನಿಯ ಫೋನ್ ಬಂದಾಗ ಮಾವನೇ ಅದನ್ನು ಮತ್ತೆ ಬಂದಿದ್ದ ದುಭಾಷಿಯ ಕೈಗೆ ಕೊಟ್ಟ. "ನೀವೇ ಮಾತಾಡಿ ತಾಯಿ. ಏನಿದ್ರೂ ಇದ್ದ ಹಾಗೇ ಹೇಳಿ."

ನಿಮ್ಮವರೂ ಭಾಷೆ ತಿಳಿಯದ ಊರಲ್ಲಿ ದುಡಿಯುತ್ತಿದ್ದಾರೆಯೇ? ಅಲ್ಲಿನ ಮಾತು ಬಲ್ಲ ಒಬ್ಬ ನುರಿತ ದುಭಾಷಿಯನ್ನು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ನಿಮ್ಮ ಮೇಲೆ ಪ್ರಾಣವಿಟ್ಟವರಿಂದ ಆ ಕೆಲಸ ಮಾಡಿಸಬೇಡಿ. ಅವರಿಂದ ಆಗುವುದಿಲ್ಲ.